ತಂಗಿಯ ಕೈಗುಣ

ಆ ಮಳೆಗಾಲದಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಇದು ನಾನು ಮಾಡಿದ್ದು ಅನ್ನಬೇಕಿತ್ತು. ಅನ್ನಲಿಲ್ಲ. ಹೇಳಿದ್ದರೆ ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ, ಮನೆ ಬಿಟ್ಟು ಹೋಗು ಅನ್ನುತ್ತಿರಲಿಲ್ಲ. ಆದರೂ ಬಾಯಿ ಬರಲಿಲ್ಲ. ನಾನು ಸುಮ್ಮನಿದ್ದಷ್ಟು ದಿನವೂ ನನ್ನ ತಂಗಿ ಪವಿತ್ರ ತನ್ನ ಎರಡು ಕೈಗಳಿಗೆ ತಾನೇ ಹೆದರಿಕೊಂಡು ಬದುಕಿದಳು.

ಮೊನ್ನೆ ಪಹಣಿ ತೆಗೆಸಲು ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಅಂಗಡಿಗೆ ಹೋಗಿದ್ದೆ. ಬೆಂಚಿನ ಮೇಲೆ ಕೂತೆ. ಮೇಜಿನ ಕೆಳಗಿದ್ದ ಕಂಪ್ಯೂಟರಿನಿಂದ ಬಿಸಿ ಗಾಳಿ ಮೊಣಕಾಲಿಗೆ ಬಡಿಯಿತು. ಅದರ ಜೊತೆಗೇ ಧೂಳು ಕಾದ ವಾಸನೆ. ಅದು ಸುಟ್ಟ ವಾಸನೆಯೂ ಅಲ್ಲ, ಇನ್ನೇನು ಸುಡಬಹುದು ಅನ್ನಿಸುವಂಥದ್ದು. ನನ್ನ ಅಂಗೈ ಬೆವತುಹೋಯಿತು. ಕಿವಿ ತಾನಾಗಿ ಆ ಫ್ಯಾನಿನ ಸದ್ದಿಗೆ ಹೋಯಿತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯತೊಡಗಿತು. ಅಂಗಡಿಯ ಹೆಣ್ಣುಮಗಳು "ಯಾಕಣ್ಣ, ಹುಷಾರಿಲ್ವಾ?" ಎಂದು ಕೇಳಿದಳು. ನಾನು ಏನೋ ಹೇಳಿ ಎದ್ದು ಹೊರಗೆ ಬಂದೆ. ಪಹಣಿ ಅಲ್ಲೇ ಉಳಿಯಿತು.

ನಮ್ಮೂರು ಹುತ್ತೂರಿನಿಂದ ಒಳಕ್ಕೆ. ಹಿಪ್ಪುನೇರಳೆ ತೋಟ, ಒಂದಿಷ್ಟು ರಾಗಿ, ಮನೆಗೆ ಅಂಟಿಕೊಂಡೇ ರೇಷ್ಮೆಹುಳ ಸಾಕುವ ಹುಳುಮನೆ. ಅಪ್ಪ ತೀರಿಕೊಂಡ ಮೇಲೆ ಬೇಸಾಯ ನನ್ನದಾಯಿತು. ಓದಿನಲ್ಲಿ ನಾನು ಅದಕ್ಕೂ ಮೊದಲೇ ಹಿಂದೆ ಬಿದ್ದವನು. ಒಂಬತ್ತನೇ ಕ್ಲಾಸಿನಲ್ಲಿ ಫೇಲಾಗಿ ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತೇನೆ, ಅರ್ಥವನ್ನು ಅಂದಾಜಿನಲ್ಲಿ ಹಿಡಿಯುತ್ತೇನೆ. ಪವಿತ್ರ ಹಾಗಲ್ಲ. ಬಸ್ಸಿನಲ್ಲಿ ಕೋಲಾರಕ್ಕೆ ಓಡಾಡಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಳು. ವೇಮಗಲ್ ಕಡೆಯ ಒಂದು ಸಣ್ಣ ಕಾರ್ಖಾನೆಯವರು ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಒಂದು ಷರತ್ತು ಹಾಕಿದರು. ಮಳೆಗಾಲ ಮುಗಿಯುವವರೆಗೆ ಯಂತ್ರದ ಬಿಡಿಭಾಗಗಳ ಡ್ರಾಯಿಂಗುಗಳನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಾಡಿ ಕಳಿಸಬೇಕು. ಹೇಳಿದ ಹೊತ್ತಿಗೆ, ತಪ್ಪಿಲ್ಲದೆ ಬಂದರೆ ಆಫೀಸಿಗೆ ಸೇರಿಸಿಕೊಳ್ಳುತ್ತಾರೆ.

ಅಮ್ಮ ತನ್ನದೂ ಒಂದು ಷರತ್ತು ಸೇರಿಸಿದಳು. "ಈ ಮಳೆಗಾಲ ನೋಡ್ತೀನಿ. ಆಗ್ಲಿಲ್ಲಾಂದ್ರೆ ಪಕ್ಕದ್ಮನೆಯೋರ ಜೊತೆ ಟೊಮೇಟೊ ಮಂಡಿಗೆ ಹೊರಡು, ಹಣ್ಣು ಆರ್ಸೋಕೆ."

"ಆಯ್ತಮ್ಮ. ಆರ್ಸೋ ಹಣ್ಣಿಗೂ ಡ್ರಾಯಿಂಗ್ ಹಾಕ್ಕೊಡ್ತೀನಿ ಬಿಡು," ಎಂದು ಪವಿತ್ರ ನಕ್ಕಿದ್ದಳು. ಆಗ ಅವಳು ಹಾಗೆ ನಗುತ್ತಿದ್ದಳು.

ಕಂಪ್ಯೂಟರನ್ನು ಕೋಲಾರದ ಅನ್ವರ್ ಭಾಯ್ ಅಂಗಡಿಯಲ್ಲಿ ಜೋಡಿಸಿಕೊಂಡು ಬಂದಿದ್ದೆವು. ಹುಳುಮನೆಯ ಗೋಡೆಗೆ ಒತ್ತಿಕೊಂಡಿದ್ದ, ಮೊದಲು ಸೊಪ್ಪು ಇಡುತ್ತಿದ್ದ ಕೋಣೆಯಲ್ಲಿ ಅದನ್ನು ಇಟ್ಟೆವು. ಕೊಡುವಾಗ ಅನ್ವರ್ ಭಾಯ್ ನನಗೆ ಹೇಳಿದ್ದರು: "ನೋಡು ಮುನಿ, ಇದ್ರ ಪ್ರೊಸೆಸರು ಒಳ್ಳೆ ಜಾತಿದು. ಇನ್ನೂ ಜೋರಾಗಿ ಓಡಿಸ್ಬೋದು. ಆದ್ರೆ ಓಡಿಸ್ಬೇಡ. ಗೇಮ್ ಆಡೋ ಹುಡುಗ್ರು ಮಾಡ್ತಾರೆ ಅದನ್ನ, ಅವ್ರದ್ರಲ್ಲಿ ಇಷ್ಟಿಷ್ಟು ದಪ್ಪ ಫ್ಯಾನ್ ಇರ್ತದೆ." ಆ ಮಾತಿನಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಜೋರಾಗಿ ಓಡಿಸಬಹುದು ಎಂಬುದು ಮಾತ್ರ.

ಮಳೆ ಶುರುವಾದ ಹೊಸದರಲ್ಲಿ ಪವಿತ್ರ ಒಂದೆರಡು ಸಲ ಅಂದಳು, "ದೊಡ್ಡ ಡ್ರಾಯಿಂಗ್ ತಿರುಗ್ಸಿದ್ರೆ ಅಂಟ್ಕೊಂಡಂಗೆ ಆಗ್ತದೆ ಕಣಣ್ಣ." ಅವಳಿಗಾಗಿ ಮಾಡಿದೆ ಎಂದು ನಾನು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಬೇರೆ. ಅವಳು ಇಲ್ಲದಾಗ ನಾನು ಆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತಿದ್ದೆ. ಘಾಟಿ ಹತ್ತುವಾಗ ಲಾರಿ ತಡೆತಡೆದು ಹೋಗುತ್ತಿತ್ತು. ಒಂದು ಮಧ್ಯಾಹ್ನ ಪವಿತ್ರ ಕೋಲಾರಕ್ಕೆ ಹೋಗಿದ್ದಾಗ ಫೋನಿನಲ್ಲಿ ಒಂದು ತೆಲುಗು ವೀಡಿಯೊ ಹಾಕಿಕೊಂಡು ಕೂತೆ. ಅದರಲ್ಲಿ ಒಬ್ಬ ಓವರ್‌ಕ್ಲಾಕ್ ಮಾಡುವುದು ಹೇಗೆಂದು ತೋರಿಸುತ್ತಿದ್ದ. ಕಂಪ್ಯೂಟರ್ ಏಳುವಾಗ ಒಂದು ಕೀ ಒತ್ತಿ ಹಿಡಿದರೆ ಒಳಗಿನ ಸೆಟ್ಟಿಂಗುಗಳ ಪುಟ ತೆರೆಯುತ್ತದೆ. ಅಲ್ಲಿ ಪ್ರೊಸೆಸರಿನ ವೇಗ ಏರಿಸಬೇಕು, ಅದಕ್ಕೆ ತಕ್ಕಂತೆ ಕರೆಂಟೂ ಸ್ವಲ್ಪ ಹೆಚ್ಚು ಕೊಡಬೇಕು. ಅವನ ಪುಟಕ್ಕೂ ನಮ್ಮದಕ್ಕೂ ಹೋಲಿಕೆ ಇರಲಿಲ್ಲ. ಅಕ್ಷರ ಕೂಡಿಸಿಕೊಂಡು, ಇದೇ ಇರಬೇಕು ಎಂದುಕೊಂಡು ಒಂದೊಂದಾಗಿ ಬದಲಾಯಿಸಿದೆ. ಮೊದಲು ಎಷ್ಟಿತ್ತು ಎಂದು ನೋಡಿಟ್ಟುಕೊಳ್ಳುವ ಬುದ್ಧಿ ಬರಲಿಲ್ಲ.

ಕಂಪ್ಯೂಟರ್ ಎದ್ದಿತು. ಲಾರಿ ಘಾಟಿಯನ್ನು ಸರಾಗವಾಗಿ ಹತ್ತಿತು. ನಾನು ಒಬ್ಬನೇ ಕೂತು ನಕ್ಕೆ.

ಸಂಜೆ ಬಂದ ಪವಿತ್ರ ಅಚ್ಚರಿಪಟ್ಟಳು. "ಅಣ್ಣ, ಏನಾಯ್ತು ಇದಕ್ಕೆ? ಕುದ್ರೆ ಆಗ್ಬಿಟ್ಟಿದೆ!"

"ಧೂಳು ಹೊಡ್ದೆ, ಅಷ್ಟೆ," ಅಂದೆ. ಮಾಡಬೇಡ ಎಂದು ಅನ್ವರ್ ಭಾಯ್ ಹೇಳಿದ್ದರು. ಆಟ ಆಡಬೇಡ ಎಂದು ಇವಳು ಹೇಳಿದ್ದಳು. ಹಾಗಾಗಿ ಧೂಳು ಅಂದುಬಿಟ್ಟೆ. ಅದು ಮೊದಲ ಸುಳ್ಳು. ಆಗ ಅದು ಸುಳ್ಳು ಅನ್ನಿಸಲೂ ಇಲ್ಲ.

ಆಷಾಢದ ಶೀತಗಾಳಿ ಹಿಡಿದುಕೊಂಡಿತು. ಹುಳಕ್ಕೆ ಥಂಡಿ ಆಗಬಾರದು. ಅದೂ ಅವು ಜ್ವರಕ್ಕೆ ಕೂತಾಗ, ಅಂದರೆ ತಿನ್ನುವುದು ಬಿಟ್ಟು ಪೊರೆ ಕಳಚುವಾಗ, ಬೆಚ್ಚಗಿರಲೇಬೇಕು. ಹುಳುಮನೆಯಲ್ಲಿ ಇದ್ದಿಲ ಒಲೆ ಹಚ್ಚಿಟ್ಟೆವು. ಹುಳಕ್ಕೆ ಕುತ್ತಾಗುವ ಊಜಿ ನೊಣ ಬರದಂತೆ ಕಿಟಕಿಗಳಿಗೆಲ್ಲ ಬಲೆ, ಮಳೆ ಬೀಸದಂತೆ ಅದರ ಮೇಲೆ ಗೋಣಿತಾಟು. ಗೋಡೆಯಾಚೆ ಪವಿತ್ರಳ ಕೋಣೆಯೂ ಗೂಡಿನ ಹಾಗೆ ಬಿಸಿಯಾಗಿತ್ತು.

ನಾನು ಹುಳಕ್ಕೆ ಸೊಪ್ಪು ಹರಡುತ್ತಿದ್ದಾಗ ಅವಳು "ಅಣ್ಣಾ!" ಎಂದು ಕೂಗಿದಳು. ಓಡಿದೆ. ಪರದೆಯೆಲ್ಲ ನೀಲಿ, ಅದರ ಮೇಲೆ ಬಿಳಿ ಅಕ್ಷರ. ನಾವು ನೋಡುತ್ತಿದ್ದಂತೆಯೇ ಅದೂ ಆರಿ ಕಪ್ಪಾಯಿತು. ಫ್ಯಾನಿನ ಸದ್ದು ನಿಂತಿತು. ಬೆಳಗಿನಿಂದ ಮಾಡಿದ್ದ ಡ್ರಾಯಿಂಗು ಹೋಗಿತ್ತು. ಯಾಕೆ ಹೀಗಾಯಿತೆಂದು ನನಗೆ ಆ ಕ್ಷಣವೇ ಗೊತ್ತಿತ್ತು.

"ಮೋಟ್ರು ಹಾಕಿದ್ರಲ್ಲ, ಕರೆಂಟು ಏರುಪೇರಾಗಿರ್ಬೇಕು," ಅಂದೆ.

ಅಲ್ಲಿಂದ ಶುರುವಾಯಿತು. ಅವಳು ಕೆಲಸಕ್ಕೆ ಕೂತಾಗ ಬೋರ್‌ವೆಲ್ ಮೋಟರು ಹಾಕುವುದನ್ನು ನಿಲ್ಲಿಸಿದೆವು. ಕಂಪ್ಯೂಟರ್ ನಿಲ್ಲುವುದು ನಿಲ್ಲಲಿಲ್ಲ. ಯುಪಿಎಸ್ ಬದಲಾಯಿಸಿದೆವು. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನು ಹಿಡಿದೆವು. ಹುಳುಮನೆಗೆ ಹಾಕಿದ ಸುಣ್ಣದ ಪುಡಿ ಗಾಳಿಗೆ ಬಂದು ಅದರೊಳಗೆ ಕೂತಿತ್ತು. ಹಳೆ ಬ್ರಷ್ಷಿನಿಂದ ಉಜ್ಜಿ ತೆಗೆದೆ. ರ‍್ಯಾಮ್ ಬಿಚ್ಚಿ, ಅದರ ಹಳದಿ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದೆ. ಪವಿತ್ರ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು, "ಪರವಾಗಿಲ್ಲ ಕಣಣ್ಣ, ಎಷ್ಟು ಕಲ್ತ್ಬಿಟ್ಟಿದ್ದೀಯ," ಅಂದಳು. ನಾನು ತಲೆ ತಗ್ಗಿಸಿಕೊಂಡು ಸ್ಕ್ರೂ ತಿರುಗಿಸಿದೆ. ಕಾರಣ ಇದ್ದ ಒಂದು ಜಾಗ ಬಿಟ್ಟು ಉಳಿದ ಕಡೆಯೆಲ್ಲ ಅವಳ ಜೊತೆಗೂಡಿ ಹುಡುಕುತ್ತಿದ್ದೆ.

ಈ ಗೋಳಿಗೆ ಒಂದು ವಿಚಿತ್ರ ಗುಣ ಇತ್ತು. ನಾನು ಕೂತು ಹಾಡು ಹಾಕಿದರೆ, ವೀಡಿಯೊ ನೋಡಿದರೆ, ಏನೂ ಆಗುತ್ತಿರಲಿಲ್ಲ. ಅವಳು ಕೂತು ದೊಡ್ಡ ಡ್ರಾಯಿಂಗು ತೆರೆದರೆ ಸ್ವಲ್ಪ ಹೊತ್ತಿಗೆ ನೀಲಿಯಾಗುತ್ತಿತ್ತು. ಭಾರ ಬಿದ್ದಾಗ ಮಾತ್ರ ಅದು ಕುಸಿಯುತ್ತಿತ್ತು. ಭಾರದ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ. ಭಯಕ್ಕೆ ನಾನು ಲಾರಿ ಆಟ ಬಿಟ್ಟುಬಿಟ್ಟಿದ್ದೆ. ಇದು ನನಗೆ ಅರ್ಥವಾಗುತ್ತಿತ್ತು. ಅಮ್ಮನಿಗೆ ಕಂಡದ್ದೇ ಬೇರೆ.

ಒಂದು ದಿನ ಬಾಗಿಲಲ್ಲಿ ನಿಂತು ನೋಡಿದಳು. ಪವಿತ್ರ ಕೂತಳು, ನಿಂತುಹೋಯಿತು. ನಾನು ಕೂತು ಸ್ವಿಚ್ಚು ಒತ್ತಿದೆ, ಎದ್ದು ಓಡಿತು.

"ಏಮ್ರಾ ಇದಿ?" ಅಂದಳು ಅಮ್ಮ. ದಿಗಿಲಾದಾಗ ಅವಳ ಬಾಯಿಗೆ ತೆಲುಗು ಬರುತ್ತದೆ. "ನೀನ್ ಮುಟ್ಟಿದ್ರೆ ಓಡ್ತದೆ, ಇವ್ಳು ಮುಟ್ಟಿದ್ರೆ ಸಾಯ್ತದೆ!"

"ಹಂಗಾದ್ರೆ ಕರೆಂಟ್ ಬಿಲ್ಲನ್ನ ನಾನೇ ಮುಟ್ತೀನಿ ಕೊಡಮ್ಮ, ಅದೂ ನಿಂತೋಗ್ಲಿ," ಅಂದಳು ಪವಿತ್ರ.

ಅಮ್ಮ ನಗಲಿಲ್ಲ.

ಹುಳ ಸಾಕುವ ಮನೆಗಳಲ್ಲಿ ಕೈಗುಣ ಅನ್ನುವುದು ಆಡಿಕೊಳ್ಳುವ ಮಾತಲ್ಲ. ಮೊಟ್ಟೆಯೊಡೆಸಿ ಮರಿಹುಳ ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ಎಳೆಹುಳ ಮನೆಗೆ ಬಂದಾಗ ಮೊದಲ ಹಿಡಿ ಸೊಪ್ಪನ್ನು ಯಾರೆಂದರೆ ಅವರು ಹಾಕುವುದಿಲ್ಲ. ಒಳ್ಳೆಯ ಕೈ ಎಂದು ಮನೆಯಲ್ಲಿ ಒಬ್ಬರಿಗೆ ಹೆಸರಿರುತ್ತದೆ. ಬೆಳೆ ಕೆಟ್ಟರೆ ಆ ಕೈಯ ಮೇಲೆ ಕಣ್ಣು ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಕೈ ಪವಿತ್ರಳದು, ಅವಳು ಲಂಗ ಹಾಕಿಕೊಳ್ಳುತ್ತಿದ್ದ ಕಾಲದಿಂದ. ಆ ಸಲವೂ ಅವಳೇ ಹಾಕಿದ್ದಳು.

ಇದನ್ನು ಹೇಗಾದರೂ ಗುಟ್ಟಾಗಿ ಸರಿಮಾಡಿಬಿಡಬೇಕು ಎಂದು ನಾನು ಒದ್ದಾಡುತ್ತಿದ್ದೆ. ಒಂದು ಬೆಳಿಗ್ಗೆ ಪವಿತ್ರ ಹಾಲು ಹಾಕಿ ಬರಲು ಡೇರಿಗೆ ಹೋದಳು. ನಾನು ತೋಟದಿಂದ ಆಗಷ್ಟೇ ಸೊಪ್ಪು ತಂದಿದ್ದೆ. ಮಳೆಯಲ್ಲಿ ತೊಯ್ದ ಸೊಪ್ಪು. ಅದನ್ನು ಹರಡಿ, ನೀರು ಆರಿಸಿ ಹುಳಕ್ಕೆ ಹಾಕಬೇಕು, ಒದ್ದೆಯದು ತಿಂದರೆ ರೋಗ ಬರುತ್ತದೆ. ಹೊರೆಯನ್ನು ಹಾಗೇ ಕೆಡವಿ ಕಂಪ್ಯೂಟರಿನ ಸೆಟ್ಟಿಂಗು ಪುಟಕ್ಕೆ ನುಗ್ಗಿದೆ. ವೇಗ ಇಳಿಸಿದೆ. ಕರೆಂಟಿನದು ಯಾವ ಸಾಲಿನಲ್ಲಿತ್ತೋ ಸಿಗಲಿಲ್ಲ. ಇದಿರಬಹುದು ಎಂದು ಇನ್ನೊಂದನ್ನು ಮುಟ್ಟಿದೆ. ಮತ್ತೆ ಹಚ್ಚಿದಾಗ ಪರದೆ ಬರಲೇ ಇಲ್ಲ. ಫ್ಯಾನು ಮಾತ್ರ ಸುಂಯ್ ಎಂದು ತಿರುಗುತ್ತಿತ್ತು. ಆರಿಸಿದೆ, ಹಚ್ಚಿದೆ, ಕಪ್ಪು. ಕಡೆಗೂ ಅದು ಹೇಗೋ ಎದ್ದುಕೊಂಡಿತು, ಆದರೆ ನಾನು ಇಳಿಸಿದ್ದು ಉಳಿದಿರಲಿಲ್ಲ, ಏರಿಸಿದ ಅಂಕಿಗಳೇ ಮತ್ತೆ ಬಂದು ಕೂತಿದ್ದವು. ಮತ್ತೆ ಅದರೊಳಗೆ ಕೈಹಾಕುವ ಧೈರ್ಯ ನನಗೆ ಬರಲಿಲ್ಲ.

ಹೊರಗೆ ಪವಿತ್ರಳ ಚಪ್ಪಲಿ ಸದ್ದು ಕೇಳಿಸಿತು. ಹುಳದ ಮೇವಿನ ಹೊತ್ತು ಮೀರಿತ್ತು. ಅವಸರದಲ್ಲಿ ಒದ್ದೆ ಸೊಪ್ಪನ್ನೇ ಬಾಚಿ ತಟ್ಟೆಗಳಿಗೆಲ್ಲ ಹಾಕಿಬಿಟ್ಟೆ.

ಕೆಲವೇ ದಿನಗಳಲ್ಲಿ ಹುಳ ಸಪ್ಪೆಯಾದವು. ಸೊಪ್ಪಿನ ಮೇಲೆ ತಲೆ ಎತ್ತದೆ ಮಲಗಿದವು. ಎತ್ತಿದರೆ ಬೆರಳ ನಡುವೆ ಮೆತ್ತಗೆ ಜೋತುಬಿದ್ದವು. ಹುಳುಮನೆಯಲ್ಲಿ ಕೊಳೆತ ವಾಸನೆ ಹಬ್ಬಿತು. ಗುಂಡಿ ತೋಡಿ ಸುಣ್ಣ ಹಾಕಿ ಎಲ್ಲವನ್ನೂ ಹೂತೆವು. ಅಮ್ಮ ಗುಂಡಿಯ ಪಕ್ಕ ನಿಂತು, ಯಾರನ್ನೂ ನೋಡದೆ, "ಮೊದಲ್ನೇ ಸೊಪ್ಪು ಹಾಕಿದ್ದು ಯಾರು?" ಅಂದಳು. ಎಲ್ಲರಿಗೂ ಗೊತ್ತಿತ್ತು. "ಪವಿ, ಇನ್ಮೇಲೆ ನೀನು ಹುಳುಮನೆ ಒಳಕ್ಕೆ ಬರ್ಬೇಡ್ವೇ. ಯಾಕೋ ಈ ವರ್ಷ ನಿನ್ ಕೈ ಸರಿಯಿಲ್ಲ."

ಪವಿತ್ರ ನನ್ನ ಕಡೆ ನೋಡಿದಳು. ಅಣ್ಣ ಏನಾದರೂ ಅಂದಾನು ಎಂದಿರಬೇಕು. ನಾನು ಗುದ್ದಲಿಯಿಂದ ಮಣ್ಣು ಎಳೆಯುತ್ತಿದ್ದೆ.

ಆಮೇಲೆ ಮನೆಯಲ್ಲಿ ಒಂದು ತರಹದ ಹೆದರಿಕೆ ಸೇರಿಕೊಂಡಿತು. ನನ್ನ ಹೆಂಡತಿ ರೂಪ ಕೆಟ್ಟವಳಲ್ಲ. ಬಾಯಿಬಿಟ್ಟು ಅವಳು ಏನೂ ಅನ್ನಲಿಲ್ಲ. ನಮ್ಮ ಮಗಳು ಚಿನ್ನಿ ಆಗ ಅಂಬೆಗಾಲಿಕ್ಕುತ್ತಿದ್ದಳು, ಸೋದರತ್ತೆಯ ತೊಡೆ ಬಿಟ್ಟು ಇಳಿಯದ ಕೂಸು. ಪವಿತ್ರ ಎತ್ತಿಕೊಂಡ ಕೂಡಲೇ ರೂಪ ಬಂದು, "ಹಾಲು ಕುಡಿಸ್ಬೇಕು ಕೊಡು," ಎಂದು ತೆಗೆದುಕೊಳ್ಳುವಳು. ಇನ್ನೊಮ್ಮೆ, "ನಿದ್ದೆ ಬಂದಿದೆ ಕೊಡು." ಮೂರನೆಯ ಸಲಕ್ಕೆ ಪವಿತ್ರಳಿಗೆ ತಿಳಿಯಿತು. ಆಮೇಲೆ ಚಿನ್ನಿ ತೆವಳಿಕೊಂಡು ಹತ್ತಿರ ಬಂದರೆ ಅವಳು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುವಳು, "ಹೋಗು, ಅಮ್ಮನ್ಹತ್ರ ಹೋಗು," ಎಂದು ಬಾಯಿಂದ ಮಾತ್ರ ಕಳಿಸುವಳು. ಸಾರಿಗೆ ಉಪ್ಪು ಹಾಕುವುದು ಬಿಟ್ಟಳು. ಹಸು ಕಟ್ಟುವುದು ಬಿಟ್ಟಳು. ಸ್ವಿಚ್ಚು ಒತ್ತುವ ಮುಂಚೆ ಅವಳು ಅಂಗೈಗಳನ್ನು ಚೂಡಿದಾರಕ್ಕೆ ಒರೆಸಿಕೊಳ್ಳುವುದನ್ನು ನಾನು ಕಂಡೆ. ನನಗಂತೂ ಹಗಲೆಲ್ಲ ಕಿವಿ ಆ ಕೋಣೆಯ ಕಡೆಗೇ. ಫ್ಯಾನು ನಿಂತಿತೇನೋ ಎಂದು ಕೈಲಿದ್ದ ಕೆಲಸ ಬಿಟ್ಟು ಆಲಿಸುತ್ತಿದ್ದೆ. ಕಾರ್ಖಾನೆಯ ಫೋನು ಬಂದರೆ ಅವಳು ಬೆಚ್ಚುವಳು, ಅವಳಿಗಿಂತ ಮೊದಲೇ ನಾನು.

ಎರಡು ಡ್ರಾಯಿಂಗು ತಡವಾಗಿ ಹೋದವು. ಒಂದು ಉಳಿಸುವಾಗಲೇ ಕಂಪ್ಯೂಟರ್ ನಿಂತು, ಫೈಲು ಕೆಟ್ಟು, ತೆರೆಯಲಿಲ್ಲ. ಕಡೆಯದಾಗಿ ಒಂದು ದೊಡ್ಡ ಡ್ರಾಯಿಂಗು ಕೊಡುತ್ತೇವೆ, ಅದೂ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಾರ್ಖಾನೆಯವರು ಹೇಳಿದರು.

ಅನ್ವರ್ ಭಾಯ್ ಹತ್ತಿರ ಹೋಗೋಣ ಎಂದು ಪವಿತ್ರಳೇ ಹಟ ಹಿಡಿದಳು. ನಾನು ಇವತ್ತು ಮಳೆ, ನಾಳೆ ತೋಟದ ಕೆಲಸ ಎಂದು ಮುಂದೂಡಿದೆ. ಇನ್ನು ಮುಂದೂಡುವಂತಿರಲಿಲ್ಲ. ಕ್ಯಾಬಿನೆಟ್ಟನ್ನು ಕಂಬಳಿಯಲ್ಲಿ ಸುತ್ತಿ, ಮೇಲೆ ಗೊಬ್ಬರದ ಚೀಲ ಹೊದಿಸಿ, ಬೈಕಿನಲ್ಲಿ ಅವಳ ಮಡಿಲಿಗೆ ಕೊಟ್ಟೆ. ಕೂಸನ್ನು ಹಿಡಿಯುವಂತೆ ಹಿಡಿದುಕೊಂಡಿದ್ದಳು. ಕೋಲಾರ ಮುಟ್ಟುವವರೆಗೂ ಅಂಗಡಿ ಮುಚ್ಚಿರಲಿ ಎಂದು ಬೇಡಿಕೊಂಡೆ. ತೆರೆದಿತ್ತು.

ಅನ್ವರ್ ಭಾಯ್ ತಂತಿ ಸಿಕ್ಕಿಸಿ, ಪ್ರೊಸೆಸರಿಗೆ ಬೇಕೆಂದೇ ಭಾರ ಕೊಡುವ ಒಂದು ಪರೀಕ್ಷೆ ಹಾಕಿದರು. ಚಹಾ ಬರುವುದರೊಳಗೆ ಪರದೆ ನೀಲಿಯಾಯಿತು. "ಅರೆ!" ಎಂದು ಸೆಟ್ಟಿಂಗು ಪುಟ ತೆರೆದರು. ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಇದನ್ನ ಯಾರು ಏರ್ಸಿದ್ದು?"

ನಾನು ಬಿಚ್ಚಿಟ್ಟಿದ್ದ ಕಂಬಳಿ ಮಡಚತೊಡಗಿದೆ.

"ನಾನೇ ಏನೋ ಒತ್ತಿರ್ಬೇಕು ಭಾಯ್," ಅಂದಳು ಪವಿತ್ರ. "ನನ್ನ ಕೈ ಸರಿಯಿಲ್ಲ."

"ಕೈ ತಾಗಿ ಆಗೋ ಕೆಲ್ಸ ಅಲ್ಲಮ್ಮ ಇದು. ಒಳಗೆ ಹೋಗಿ, ಕೂತು, ಬೇಕೂಂತ ಮಾಡಿರೋದು." ಅವರು ನನ್ನ ಕಡೆ ತಿರುಗಿದರು. ನಾನು, "ಗಾಡಿ ದಾರೀಲಿ ನಿಲ್ಸಿದ್ದೀನಿ, ಆಟೋದೋರು ಬಯ್ತಾರೆ," ಎಂದು ಎದ್ದು ಹೊರಗೆ ಬಂದೆ. ಬೈಕು ಯಾರಿಗೂ ಅಡ್ಡವಿರಲಿಲ್ಲ. ಅದನ್ನು ಒಂದು ಗೇಣು ಹಿಂದಕ್ಕೂ ಒಂದು ಗೇಣು ಮುಂದಕ್ಕೂ ತಳ್ಳುತ್ತ ನಿಂತೆ.

ಒಳಗೆ ಹೋದಾಗ ಅವರು ಎಲ್ಲವನ್ನೂ ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಇಟ್ಟಿದ್ದರು. ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ, ಅದರ ಬಿಸಿ ಹೊರಗೆ ಸಾಗಿಸುವ ಪೇಸ್ಟು ಕೆರೆದು ಹೊಸದು ಹಚ್ಚಿದ್ದರು. ಮತ್ತೆ ಅದೇ ಪರೀಕ್ಷೆ. ಚಹಾ ಮುಗಿಯಿತು, ಮಳೆ ಬಂದು ಹೋಯಿತು, ಪರದೆ ಅಲ್ಲಾಡಲಿಲ್ಲ. "ಬರಾಬರ್ ಆಯ್ತು. ಇನ್ನು ಯಾರೂ ಒಳಗೆ ಕೈ ಹಾಕ್ಬೇಡಿ," ಎಂದು ಅವರು ಅಂದದ್ದು ನನ್ನನ್ನು ನೋಡಿಯೇ.

ವಾಪಸು ಬರುವಾಗ, ಊರ ಕಡೆ ತಿರುಗುವ ರಸ್ತೆಯಲ್ಲಿ, ಪವಿತ್ರ ಹಿಂದಿನಿಂದ ಕೇಳಿದಳು: "ಅಣ್ಣ, ನೀನೇನಾದ್ರೂ ಮುಟ್ಟಿದ್ಯಾ ಅದನ್ನ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಅನ್ನಲಿ ಎಂಬ ಆಸೆ ಇತ್ತು. ಈಗ ನೆನೆದರೆ ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

"ಇಲ್ಲ ಕಣೇ," ಅಂದೆ. "ನನ್ಗೇನ್ ಗೊತ್ತು ಅದೆಲ್ಲ? ನಾನು ಓದಿದ್ದೇ ಎಷ್ಟು."

ಆಮೇಲೆ, "ತಪ್ಪು ತಿಳ್ಕೋಬೇಡಣ್ಣ, ಸುಮ್ನೆ ಕೇಳ್ದೆ," ಅಂದಳು.

ಕಂಪ್ಯೂಟರ್ ಸರಿಯಾಗಿತ್ತು. ಪವಿತ್ರ ಸರಿಯಾಗಲಿಲ್ಲ. ಅಣ್ಣ ಮಾಡಿಲ್ಲ, ಬೇರೆ ಯಾರಿಗೂ ಬರುವುದಿಲ್ಲ. ಹಾಗಾದರೆ ತನಗೇ ತಿಳಿಯದೆ ತನ್ನ ಕೈ ಅದನ್ನು ಮಾಡಿದೆ ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಕಡೆಯ ಡ್ರಾಯಿಂಗು ಬಂದಿತ್ತು. ಅವಳು ಕುರ್ಚಿಯಲ್ಲಿ ಕೂತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಪರದೆ ನೋಡುವಳು. ಒಂದು ಗೆರೆ ಎಳೆದು ಎದ್ದು ಹೋಗುವಳು. "ಅಣ್ಣ, ಬಂದು ಇದೊಂದು ಒತ್ತು," ಎಂದು ನನ್ನನ್ನು ಕರೆಯುವಳು. ನಾನು ಒತ್ತುವೆ. ಅಮ್ಮ, "ನೋಡ್ದ್ಯಾ, ಮುನಿ ಒತ್ತಿದ್ರೆ ಹೆಂಗೆ ಕೇಳ್ತದೆ," ಅನ್ನುವಳು. ಕೊಡಬೇಕಾದ ದಿನ ಹತ್ತಿರ ಬಂತು, ಡ್ರಾಯಿಂಗು ಅರ್ಧವೂ ಆಗಿರಲಿಲ್ಲ.

ಇನ್ನೂ ಕೆಲವು ದಿನ ಉಳಿದಿದ್ದಾಗ ಒಂದು ಬೆಳಿಗ್ಗೆ ಬಿಸಿಲು ಬಿದ್ದಿತ್ತು. ರೂಪ ಅಂಗಳದಲ್ಲಿ ಚಂದ್ರಿಕೆಗಳನ್ನು, ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ತೊಳೆದು ಒಣಗಿಸುತ್ತಿದ್ದಳು. ಅಮ್ಮ ಪಕ್ಕದಲ್ಲಿ. ಚಿನ್ನಿಯನ್ನು ಜಗುಲಿಯ ಮೇಲೆ ಬಿಟ್ಟಿದ್ದರು. ಪವಿತ್ರ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಬೇಲಿಯ ಹತ್ತಿರ ಹಸುವಿನ ಮೇವಿನ ಹೊರೆ ಇಳಿಸುತ್ತಿದ್ದೆ. ಚಿನ್ನಿ ಬಿಸಿಲ ಪಟ್ಟೆ ಹಿಡಿಯಲು ಅಂಚಿನ ಕಡೆಗೆ ತೆವಳಿತು. ನಾನು ಕೂಗಿದೆ. ಪವಿತ್ರ ಬಗ್ಗಿದಳು, ಅವಳ ಎರಡು ಕೈಗಳೂ ಮುಂದಕ್ಕೆ ಚಾಚಿದವು. ಚಾಚಿದ ಕೈಗಳು ಕೂಸಿಗೆ ತಾಗುವಷ್ಟರಲ್ಲಿ ಹಿಂದಕ್ಕೆ ಬಂದುಬಿಟ್ಟವು. ಅಷ್ಟು ದೂರದಿಂದಲೂ ನಾನು ಅದನ್ನು ಕಂಡೆ. ಚಿನ್ನಿ ಮೆಟ್ಟಿಲ ಕಲ್ಲಿನ ಮೇಲೆ ಬಿತ್ತು.

ಒಂದು ಗಳಿಗೆ ಅಳು ಕೇಳಿಸಲಿಲ್ಲ. 

ಆಮೇಲೆ ಕೂಸು ಕಿರುಚಿತು. ಹಣೆ ಒಡೆದು ಮುಖವೆಲ್ಲ ರಕ್ತ. ರೂಪ ಓಡಿಬಂದು ಎತ್ತಿಕೊಂಡು, "ಪಕ್ಕದಲ್ಲೇ ನಿಂತಿದ್ಯಲ್ಲ! ಹಿಡಿಯೋಕಾಗ್ಲಿಲ್ವಾ ನಿನ್ಗೆ?" ಎಂದು ಅರಚಿದಳು.

"ನಾನು ಮುಟ್ಟಬಾರ್ದು ಅನ್ಕೊಂಡೆ ಅತ್ತಿಗೆ," ಅಂದಳು ಪವಿತ್ರ.

ಹುತ್ತೂರಿನ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಹಾಕಿದರು. ಚರ್ಮ ಮಾತ್ರ ಹರಿದಿದೆ, ಹೆದರಬೇಡಿ ಅಂದರು. ವಾಪಸು ಬರುವ ದಾರಿಯಲ್ಲಿ ರೂಪಳ ಹೆಗಲ ಮೇಲೆ ಚಿನ್ನಿ ನಿದ್ದೆ ಹೋಯಿತು. ನಾನು ಹೆದರಿಕೊಂಡೇ ಇದ್ದೆ. ಬಾವಿಯ ಅಂಚಿನಲ್ಲಿ ಇದೇ ಆಗಿದ್ದರೆ? ಒಲೆಯ ಹತ್ತಿರ ಆಗಿದ್ದರೆ? ಅಲ್ಲಿಯೂ ಅವಳ ಕೈ ಹಾಗೇ ಹಿಂದಕ್ಕೆ ಬರುತ್ತಿತ್ತು.

ಮನೆ ಮುಟ್ಟಿದಾಗ ಅಮ್ಮ ಜಗುಲಿಯಲ್ಲಿ ಕೂತು ಶುರುಮಾಡಿದ್ದಳು. "ಇವ್ಳ ಕಣ್ಣೆದ್ರಿಗೇ ಬೀಳ್ಬೇಕಾ ಕೂಸು? ಏನು ಹಿಡ್ಕೊಂಡಿದೆಯೋ ಇವ್ಳನ್ನ!" ಪವಿತ್ರ ಕಂಬದ ಬಳಿಯೇ ನಿಂತಿದ್ದಳು, ಕೈ ಬೆನ್ನ ಹಿಂದೆ.

"ಅಮ್ಮ, ಸಾಕು," ಅಂದೆ. "ಕಂಪ್ಯೂಟ್ರು ಕೆಡ್ಸಿದ್ದು ನಾನು."

ಎಲ್ಲ ಹೇಳಿದೆ. ಆಟ, ವೀಡಿಯೊ, ಏರಿಸಿದ್ದು, ಇಳಿಸಲು ಬಾರದೆ ಹೋದದ್ದು, ಒದ್ದೆ ಸೊಪ್ಪು ಹಾಕಿದ್ದು. ಹೇಳುತ್ತಾ ಹೋದ ಹಾಗೆ ಮಾತು ಸಲೀಸಾಯಿತು. ಇಷ್ಟೇನಾ, ಇದಕ್ಕಾ ಇಷ್ಟು ದಿನ ಹೆದರಿದ್ದು ಅನ್ನಿಸಿತು. ರೂಪ ಮುಖ ಆ ಕಡೆ ತಿರುಗಿಸಿದಳು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೋಗ್ಲಿ ಬಿಡ್ಲಾ," ಅಂದಳು. "ಗೊತ್ತಿಲ್ದೆ ಮಾಡ್ದೆ. ಬೇಕೂಂತ ಮಾಡ್ದ್ಯಾ? ಒಳಕ್ ಬಾ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ನನ್ನದು ಒಂದು ಮಾತಿನಲ್ಲಿ ಮುಗಿದುಹೋಯಿತು. ಅದಕ್ಕೆ ತಂಗಿ ಇಡೀ ಮಳೆಗಾಲ ತೆತ್ತಿದ್ದಳು. ನಾನು ಪವಿತ್ರಳ ಕಡೆ ನೋಡಿದೆ; ಅವಳು ಅಮ್ಮನನ್ನು ನೋಡುತ್ತಿದ್ದಳು. ಆಮೇಲೆ ತನ್ನ ಕೋಣೆಗೆ ಹೋದಳು.

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಕಡೆಯ ಡ್ರಾಯಿಂಗನ್ನು ಅವಳು ಮುಗಿಸಿದಳು, ಯಾರನ್ನೂ ಒತ್ತಲು ಕರೆಯದೆ. ಅವರು ಸೇರಿಸಿಕೊಂಡರು. ಈಗ ದಿನವೂ ವೇಮಗಲ್‌ಗೆ ಹೋಗಿ ಬರುತ್ತಾಳೆ. ಇದರಲ್ಲಿ ನನ್ನದೇನೂ ಇಲ್ಲ. ಚಿನ್ನಿ ಈಗ ಓಡಾಡುತ್ತಾಳೆ, ಅತ್ತೆ ಬಸ್ಸಿಳಿದು ಬರುವುದನ್ನೇ ಕಾಯುತ್ತಾಳೆ. ಅವಳನ್ನು ಎತ್ತಿಕೊಳ್ಳುವ ಮುಂಚೆ ಪವಿತ್ರ ಇವತ್ತಿಗೂ ಎರಡು ಅಂಗೈಗಳನ್ನು ಚೂಡಿದಾರಕ್ಕೆ ಒರೆಸಿಕೊಳ್ಳುತ್ತಾಳೆ. ಕೈ ಒಣಗೇ ಇರುತ್ತದೆ. ಅವಳಿಗೆ ಅದು ಗೊತ್ತಾಗುವುದೂ ಇಲ್ಲ.

ಆ ಮಧ್ಯಾಹ್ನ ಅಮ್ಮ ಬಡಿಸಿದ ಮುದ್ದೆಯನ್ನು ಬಿಟ್ಟು ನಾನು ಎದ್ದು ಪವಿತ್ರಳ ಕೋಣೆಯ ಬಾಗಿಲಿಗೆ ಹೋದೆ. ಅವಳು ಆರಿದ ಪರದೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

"ನೀನು ಅಮ್ಮನ್ಗೆ ಹೇಳ್ದೆ," ಅಂದಳು. "ಅತ್ತಿಗೆಗೆ ಹೇಳ್ದೆ. ನನ್ಗೇನೂ ಹೇಳ್ಲೇ ಇಲ್ವಲ್ಲಣ್ಣ."

ಅಂಗಳದಲ್ಲಿ ಹೇಳುವಾಗ ಸಲೀಸಾಗಿದ್ದ ಬಾಯಿ ಇಲ್ಲಿ ಮತ್ತೆ ಹಿಡಿದುಕೊಂಡಿತು. ಇನ್ನೊಂದು ಗಳಿಗೆ ನಿಂತರೆ ತಿರುಗಿ ಹೋಗಿಬಿಡುತ್ತೇನೆ ಎಂದು ನನಗೆ ನನ್ನ ಮೇಲೇ ಭಯವಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು, ನಡುಮನೆಯಲ್ಲಿದ್ದ ಅಮ್ಮನಿಗೂ ರೂಪಳಿಗೂ ಕೇಳಿಸುವಂತೆ ಹೇಳಿದೆ:

"ತಪ್ಪಾಯ್ತು ಪವಿ. ಮಿಷಿನ್ ಕೆಡ್ಸಿದ್ದೊಂದು ತಪ್ಪು. ಗೊತ್ತಿದ್ದೂ ಗೊತ್ತಿದ್ದೂ, ಎಲ್ರೂ ನಿನ್ ಕೈಗೆ ಅಂದಾಗ ಬಾಯ್ಮುಚ್ಕೊಂಡು ನಿಂತ್ಕೊಂಡೆ. ನೀನು ಗಾಡಿ ಮೇಲೆ ಕೇಳ್ದೆ, ನಾನು ಇಲ್ಲ ಅಂದೆ. ನಿನ್ ಕೈಯಿಂದ ಏನೂ ಆಗಿಲ್ಲ. ಯಾವತ್ತೂ ಆಗಿಲ್ಲ. ತಪ್ಪೆಲ್ಲ ನಂದು. ತಪ್ಪಾಯ್ತು ಕಣಮ್ಮ."